ಕಿತ್ತಳೆ ಹೊಟ್ಟೆಯ ಮರಿಗಳು

ಮಾರ್ಚ್ 3, ಸೋಮವಾರ

ಎರಡನೇ ತೊಟ್ಟಿಗೆ ಇಂದಿನಿಂದ ಜೀವಮೇವು ಬಂದ್. ಮೀನುಮರಿಗಳು ಮೊಟ್ಟೆಯೊಡೆದು ಮೂರು ವಾರವಾಗಿದೆ. ಇನ್ನು ಮುಂದೆ ಅವುಗಳಿಗೆ ಅಕ್ಕನ ಗಂಡ ತಯಾರಿಸಿದ ಒಣ ಪುಡಿ ಮಾತ್ರ. ಹೋಲಿಸಿ ನೋಡಲೆಂದು ಮೂರನೇ ತೊಟ್ಟಿ ಹಳೆಯ ಕ್ರಮದಲ್ಲೇ ಮುಂದುವರಿಯುತ್ತದೆ. ಮರಿಗಳ ಕೋಣೆ ನನ್ನ ಸುಪರ್ದಿಯಲ್ಲಿರುವುದರಿಂದ ಎರಡಕ್ಕೂ ಉಣಿಸುವವಳು ನಾನೇ.

ಅಕ್ಕನ ಗಂಡ ಬೆಳಿಗ್ಗೆ ಕೋಣೆಗೆ ಬಂದಿದ್ದರು. ಹಿಂಭಾಗದ ಶೆಡ್ಡಿನಲ್ಲಿ ಮೇವು ಕಲಸುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದರೂ ಇಲ್ಲಿಗೆ ಕಾಲಿಟ್ಟಿರಲಿಲ್ಲ. ಕಪಾಟಿನಲ್ಲಿದ್ದ ಡಬ್ಬಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಇದೇನು, ಕಾಫಿಪುಡಿ ಇದ್ದ ಹಾಗಿದೆ?"

"ಮರಿಸಿಗಡಿ ಮೊಟ್ಟೆ, ಭಾವ. ಉಪ್ಪುನೀರಿಗೆ ಹಾಕಿ ಗಾಳಿ ಬಿಟ್ಟರೆ ನಾಳೆ ಹೊತ್ತಿಗೆ ಒಡೀತವೆ. ಅದೇ ಜೀವಮೇವು. ಅಲ್ಲಿ ಬಕೆಟ್ಟಲ್ಲಿ ಇದೆ ನೋಡಿ."

ಬಕೆಟ್ಟಿನಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಲಕ್ಷಗಟ್ಟಲೆ ಕುಣಿಯುತ್ತಿದ್ದವು. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಇಂಥ ಜೀವಂತ ಊಟ ಬಿಟ್ಟು ನನ್ನ ಪುಡಿ ಯಾಕೆ ಮುಟ್ತಾವೆ ಇವು?"

"ಯಾವತ್ತಾದರೂ ಮುಟ್ಟಲೇಬೇಕಲ್ಲ. ಕೊಳಕ್ಕೆ ಹೋದ ಮೇಲೆ ಬಕೆಟ್ ಹಿಡ್ಕೊಂಡು ಯಾರು ಹಿಂದೆ ಹೋಗ್ತಾರೆ?"

"ಸರಿ ಮೇಷ್ಟ್ರಮ್ಮ," ಎಂದು ಹೊರಟುಹೋದರು. ನನ್ನನ್ನು ಹಾಗೆ ಕರೆಯುವುದು ನನಗೆ ಇಷ್ಟವಿಲ್ಲವೆಂದು ಅವರಿಗೆ ಇನ್ನೂ ತಿಳಿದಿಲ್ಲ.

ಬಿಸ್ಕೆಟ್ ಕಾರ್ಖಾನೆ ಮುಚ್ಚಿದ ಮೇಲೆ ಅವರೂ ಅಕ್ಕನೂ ನನ್ನ ಮನೆಗೆ ಬಂದರು. ಒಂದೂವರೆ ವರ್ಷ ಅವರು ನನ್ನ ಹಜಾರದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಕೆಲಸಕ್ಕೆ ಹೋಗುವಾಗಲೂ ಅಲ್ಲೇ, ಬರುವಾಗಲೂ ಅಲ್ಲೇ. ಈ ಮೀನುಮರಿ ಕೇಂದ್ರ ನಡೆಸುವ ಮೇಡಂಗೆ ನಾನೇ ಹೇಳಿ ಇಲ್ಲಿಗೆ ಸೇರಿಸಿದೆ. ಪುಡಿಯನ್ನು ನಾವೇ ಮಾಡಿಕೊಳ್ಳೋಣ ಎಂಬ ಯೋಚನೆ ಮಾತ್ರ ಅವರದ್ದು. ಇಪ್ಪತ್ತೇಳು ವರ್ಷ ಹಿಟ್ಟು ಕಲಸಿದ ಕೈ ಎಂದು ಮೇಡಂ ಒಪ್ಪಿದರು.

ಮಾರ್ಚ್ 5, ಬುಧವಾರ

ತಿನ್ನುತ್ತಿಲ್ಲ.

ಪುಡಿ ಬಿದ್ದಾಗ ಮರಿಗಳು ಒಮ್ಮೆ ಅತ್ತ ತಿರುಗುತ್ತವೆ, ಅಷ್ಟೇ. ತಾನಾಗಿ ಅಲುಗದ ವಸ್ತು ಅವುಗಳ ಲೆಕ್ಕದಲ್ಲಿ ಮೇವಲ್ಲ. ಈ ವಯಸ್ಸಿನ ಮರಿಗಳ ಮೈ ಗಾಜಿನ ಹಾಗೆ. ಉಂಡದ್ದು ಹೊರಗಿನಿಂದಲೇ ಕಾಣುತ್ತದೆ. ಮೂರನೇ ತೊಟ್ಟಿಯಲ್ಲಿ ಪ್ರತಿ ಮರಿಯ ಹೊಟ್ಟೆಯಲ್ಲೂ ಒಂದು ಕಿತ್ತಳೆ ಗೆರೆ. ಎರಡನೆಯದರಲ್ಲಿ ಏನೂ ಇಲ್ಲ, ಬರೀ ಗಾಜು. ಕೆಲವು ಪಕ್ಕದವುಗಳ ಬಾಲ ಕಚ್ಚಲು ಶುರುಮಾಡಿವೆ.

ಇಂಥದ್ದು ಹೊಸತಲ್ಲ. ಮೇವು ಬದಲಿಸುವಾಗಲೆಲ್ಲ ಕೆಲವು ಕಲಿಯುವುದಿಲ್ಲ, ಸಾಯುತ್ತವೆ. ಈ ಕೋಣೆಯಲ್ಲಿ ಹನ್ನೊಂದು ವರ್ಷ ಅದನ್ನು ನೋಡಿದ್ದೇನೆ. ಆದರೆ ಒಂದೂ ಕಲಿಯದಿರುವುದನ್ನು ನೋಡಿರಲಿಲ್ಲ.

ಊಟಕ್ಕೆ ಮುಂಚೆ ಅಕ್ಕನ ಗಂಡ ಬಂದರು. ಒಳಗೆ ಬರಲಿಲ್ಲ. ತಲೆಗೆ ಹಾಕುವ ಬಲೆಟೋಪಿಯನ್ನು ಕೈಯಲ್ಲಿ ಹಿಚುಕುತ್ತ ಹೊಸ್ತಿಲಲ್ಲೇ ನಿಂತರು.

"ತಿಂದವಾ?"

"ತಿಂತಾ ಇವೆ," ಎಂದೆ.

ಅದನ್ನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಅವರು ಹೋದ ಮೇಲೆ, ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ಮೂರನೇ ತೊಟ್ಟಿಯ ಬಕೆಟ್ಟಿನಿಂದ ಒಂದು ಮಗ್ ಮರಿಸಿಗಡಿ ತುಂಬಿಕೊಂಡು ಎರಡನೆಯದಕ್ಕೆ ಸುರಿದೆ. ಮರಿಗಳು ಮುಗಿಬಿದ್ದವು. ನೋಡನೋಡುತ್ತಿದ್ದಂತೆ ಗಾಜಿನ ಒಳಗೆಲ್ಲ ಬಣ್ಣ ಬಂತು.

ಮೂಕಪ್ರಾಣಿಗಳು. ಎರಡು ದಿನದ ಹಸಿವು.

ಮಾರ್ಚ್ 6, ಗುರುವಾರ

ಇಂದೂ ಒಂದು ಮಗ್. ನಾಳೆಗೆ ಬೇಡ.

ಮಾರ್ಚ್ 7, ಶುಕ್ರವಾರ

ಎರಡು ಮಗ್.

ಮಾರ್ಚ್ 8, ಶನಿವಾರ

ಮಧ್ಯಾಹ್ನ ಹೊಸ ಪುಡಿ ಕೊಡಲು ಬಂದ ಅಕ್ಕನ ಗಂಡ ಟಾರ್ಚ್ ತಂದಿದ್ದರು. ಇಂದು ಒಳಗೇ ಬಂದು ಎರಡನೇ ತೊಟ್ಟಿಯ ಅಂಚಿಗೆ ಗಲ್ಲ ಊರಿ ಬೆಳಕು ಬಿಟ್ಟರು. ಮಗ್ ತೊಳೆದಿಟ್ಟು ಕಾಲು ಗಂಟೆಯೂ ಆಗಿರಲಿಲ್ಲ.

"ಏ, ಬಾ ಇಲ್ಲಿ. ಇವುಗಳ ಹೊಟ್ಟೆ ಯಾಕೆ ಇಷ್ಟು ಕೆಂಪಗಿದೆ?"

ನೀರಿಗೆ ಗಾಳಿ ಬಿಡುವ ಕಲ್ಲಿನ ಪೈಪು ಸರಿಮಾಡುವವಳಂತೆ ಬಗ್ಗಿದೆ.

"ನಿಮ್ಮ ಪುಡೀಲಿ ಬಣ್ಣ ಇದೆಯಲ್ಲ, ಭಾವ. ಸಿಗಡಿ ಸಿಪ್ಪೆ ಅರೆದು ಹಾಕ್ತೀರಲ್ಲ."

"ಅದು ಒಂದು ಚಿಟಿಕೆ ಕಣೆ!"

"ಸಣ್ಣ ಹೊಟ್ಟೆ. ಚಿಟಿಕೆ ಸಾಕು."

ಅವರು ಟಾರ್ಚ್ ಆರಿಸಿ ನನ್ನನ್ನೇ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರ ಮುಖ ಮೆಲ್ಲಗೆ ಅಗಲವಾಯಿತು.

"ಅಂದ್ರೆ ಆ ಕೆಂಪೆಲ್ಲ ನನ್ನ ಪುಡಿ!"

ಹೊರಗೆ ಪಂಪಿನ ಹತ್ತಿರ ಪೈಪು ಬಿಗಿಯುತ್ತಿದ್ದವನನ್ನು ಕರೆದು ತೋರಿಸಿದರು. ನಾವು ಅವನನ್ನು ಕರೆಯುವುದೇ ಪಂಪಣ್ಣ ಎಂದು. ಅವನು ಇಣುಕಿ ನೋಡಿ, "ಬಿಸ್ಕೆಟ್ಟಣ್ಣ, ಮೀನಿಗೆ ಬಿಸ್ಕೆಟ್ ಆಯ್ತು. ಇನ್ನು ಟೀ ಒಂದು ಕಾಯಿಸಿಬಿಡಿ, ನಾನೂ ಬಂದು ಕೂತ್ಕೊಳ್ತೀನಿ," ಎಂದ. ಮೂವರೂ ನಕ್ಕೆವು. ನಾನೂ ನಕ್ಕೆ ಎಂಬುದನ್ನು ಬರೆದಿಡಬೇಕು.

ಮಾರ್ಚ್ 9, ಭಾನುವಾರ

ರಜೆಯಾದರೂ ನಡುಹಗಲು ಹೋಗಿ ಉಣಿಸಿ ಬಂದೆ. ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಣಗಿಸಿದ ಸಿಗಡಿ ಸಿಪ್ಪೆಯ ರಾಶಿ. ಮಿಕ್ಸಿ ಅರಚುತ್ತಿತ್ತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಿದ್ದಳು.

"ನೋಡೇ ನಿಮ್ಮ ಭಾವನ ಅವತಾರ! ನನ್ನ ಹಿಟ್ಟಿನ ಜರಡಿ ಹೋಯ್ತು. ಇನ್ನು ಚಪಾತಿಗೂ ಮೀನಿನ ವಾಸನೆ."

"ನೀನು ಮಾಡೋ ಚಪಾತಿಗೆ ಒಂದು ವಾಸನೆ ಬಂದ್ರೆ ಒಳ್ಳೇದೇ ಅಲ್ವಾ," ಎಂದರು ಭಾವ ಮಿಕ್ಸಿಯ ಸದ್ದಿನ ಮೇಲಿಂದ.

ಅಕ್ಕ ಒದ್ದೆ ಬಟ್ಟೆಯಿಂದ ಅವರ ಬೆನ್ನಿಗೆ ಹೊಡೆದಳು. ಹೊಡೆದವಳು ಕೈ ತೆಗೆಯದೆ ಹಾಗೆಯೇ ಒಂದು ಕ್ಷಣ ಬೆನ್ನ ಮೇಲಿಟ್ಟಳು.

ಸಿಪ್ಪೆಯನ್ನು ಎರಡು ಪಟ್ಟು ಹಾಕುತ್ತಾರಂತೆ. ಮರಿಗಳಿಗೆ ಹಿಡಿಸಿದೆಯೆಂದು ನಾನು ಹೇಳಿದ್ದರಿಂದ. ಸಿಪ್ಪೆ ಹೆಚ್ಚಾದರೆ ಜೀರ್ಣವಾಗುವುದಿಲ್ಲ. ಬೇಡವೆಂದರೆ ಏಕೆಂದು ಹೇಳಬೇಕಾಗುತ್ತಿತ್ತು. "ಅಷ್ಟೊಂದು ಬೇಡವೇನೋ" ಎಂದಷ್ಟೇ ಹೇಳಿದೆ. ಮಿಕ್ಸಿಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಮಿಕ್ಸಿ ನಿಂತ ಮೇಲೆ ನಾನು ಮತ್ತೆ ಹೇಳಲಿಲ್ಲ.

ಪಾತ್ರೆ ತೊಳೆಯುವಾಗ ಅಕ್ಕ ಮೆಲ್ಲಗೆ ಹೇಳಿದಳು: "ಬೆಳಿಗ್ಗೆ ಸ್ನಾನ ಮಾಡ್ತಾ ಹಾಡ್ತಾ ಇದ್ರು ಕಣೆ. ಕೇಳಿಸ್ತಾ ನಿನಗೆ? ಎರಡು ವರ್ಷ ಆಗಿತ್ತು. ನೀನು ಮಾಡಿದ ಉಪಕಾರ ನಾನು ಮರೆಯಲ್ಲ."

ಕೇಳಿಸಿತ್ತು. ರಾಗ ಎಲ್ಲೆಲ್ಲಿಗೋ ಹೋಗುತ್ತಿತ್ತು.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಎರಡನೇ ತೊಟ್ಟಿಯ ತಳಕ್ಕೆ ಸೈಫನ್ ಪೈಪು ಹಾಕುತ್ತೇನೆ. ನಿನ್ನೆಯ ಪುಡಿಯೆಲ್ಲ ಅಲ್ಲಿ ಲೋಳೆಯಾಗಿ ಹರಡಿರುತ್ತದೆ. ಅದನ್ನು ಎಳೆದು ಚರಂಡಿಗೆ ಬಿಟ್ಟು ನೀರು ಹೊಡೆಯುತ್ತೇನೆ. ಮೇಡಂ ಬರುವ ಹೊತ್ತಿಗೆ ತಳ ನೀಲಿಯಾಗಿ ಹೊಳೆಯುತ್ತಿರುತ್ತದೆ.

ಇಂದು ಒಂದು ಗಾಜಿನ ಲೋಟಕ್ಕೆ ನೀರು ತುಂಬಿ ಪುಡಿ ಉದುರಿಸಿ ನೋಡಿದೆ. ಅದು ತೇಲುವುದೂ ಇಲ್ಲ, ಮೆಲ್ಲಗೆ ಇಳಿಯುವುದೂ ಇಲ್ಲ. ನೆಟ್ಟಗೆ ತಳಕ್ಕೆ. ಈ ಮರಿಗಳು ತಳದಿಂದ ಹೆಕ್ಕಿ ತಿನ್ನುವವಲ್ಲ. ಕಣ್ಣ ಮುಂದೆ ಇಳಿಯುತ್ತಿದ್ದರೆ ಮಾತ್ರ ಬಾಯಿ ಹಾಕುತ್ತವೆ. ಭಾವ ಬಿಸ್ಕೆಟ್ಟಿನ ಹಿಟ್ಟಿನ ಹಾಗೆ ಒತ್ತಿ ಒತ್ತಿ ನಾದುತ್ತಾರೆ. ಒಳಗಿನ ಗಾಳಿಯೆಲ್ಲ ಹೋಗಿ ಕಾಳು ಕಲ್ಲಾಗುತ್ತದೆ. ವಾಸನೆ ಚೆನ್ನಾಗಿದೆ, ಅಳತೆ ಚೆನ್ನಾಗಿದೆ, ನೀರಿನಲ್ಲಿ ಕರಗದೆ ನಿಲ್ಲುತ್ತದೆ. ನನ್ನಿಂದಾಗಿ ಹೆಚ್ಚಿದ ಸಿಪ್ಪೆ ಬಿಟ್ಟರೆ ತಪ್ಪು ಇದೊಂದೇ.

ಮೊದಲ ದಿನವೇ "ತಿಂದಿಲ್ಲ" ಎಂದಿದ್ದರೆ ಅವರು ನಾಲ್ಕು ಪ್ರಶ್ನೆ ಕೇಳಿ ಇದನ್ನು ತಾವೇ ಕಂಡುಹಿಡಿಯುತ್ತಿದ್ದರು.

ಶೆಡ್ಡಿಗೆ ಹೋಗಿ, ಎಲ್ಲಿಂದಲೋ ನೆನಪಾದಂತೆ ಹೇಳಿದೆ. "ಭಾವ, ಪುಡಿ ಸ್ವಲ್ಪ ಬೇಗ ಮುಳುಗುತ್ತೆ ಅನ್ಸುತ್ತೆ."

ಅವರು ಒಲೆಯ ತಟ್ಟೆ ಎಳೆಯುತ್ತಿದ್ದರು. "ಮುಳುಗೋಕೆ ಮುಂಚೆ ನುಂಗಿಬಿಡ್ತಾವಲ್ಲ! ನಾನೇ ನೋಡಿದೀನಿ, ಹೊಟ್ಟೆ ತುಂಬ ಕೆಂಪು. ತಳದಲ್ಲಿ ಒಂದು ಕಾಳೂ ಇರಲ್ಲ, ಮೇಡಂ ಹೇಳಿದ್ರು." ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಯಾಕೆ, ಏನಾದ್ರೂ ಕಂಡ್ತಾ?"

ನಿಜ ಹೇಳಲು ಬಾಗಿಲು ತೆರೆದೇ ಇತ್ತು. ಅವರೇ ತೆರೆದಿದ್ದರು.

"ಇಲ್ಲ, ಸುಮ್ನೆ ಕೇಳ್ದೆ," ಎಂದೆ.

ಮಾರ್ಚ್ 14, ಶುಕ್ರವಾರ

ನಿನ್ನೆ ಗಟ್ಟಿ ಮನಸ್ಸು ಮಾಡಿ ಮಗ್ ಮುಟ್ಟಲಿಲ್ಲ. ತಿನ್ನದೆ ಇದ್ದರೆ ಇರಲಿ, ಪುಡಿ ಸೋತದ್ದು ತಾನಾಗಿಯೇ ಎಲ್ಲರಿಗೂ ಕಾಣುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡೆ.

ಬೆಳಿಗ್ಗೆ ಹೋದಾಗ ನೀರಿನ ಅಂಚಿನಲ್ಲಿ ಸತ್ತ ಮರಿಗಳ ಬಿಳಿ ಗೆರೆ. ಬದುಕಿದ್ದವು ನನ್ನ ನೆರಳು ಬಿದ್ದ ಮೂಲೆಗೇ ಬಂದು ಗುಂಪಾದವು. ನಾನು ದಿನವೂ ಅಲ್ಲಿಂದಲೇ ಸುರಿಯುತ್ತೇನೆ. ಅದು ಅವುಗಳಿಗೆ ಗೊತ್ತು.

ಸತ್ತವನ್ನು ಬಲೆಯಿಂದ ಎತ್ತಿ ತೋಟದ ಗುಂಡಿಗೆ ಹಾಕಿ ಮಣ್ಣು ಎಳೆದೆ. ಊಟದ ಹೊತ್ತಿನವರೆಗೂ ಕಾಯಲಿಲ್ಲ. ಸುರಿದುಬಿಟ್ಟೆ.

ಪುಡಿಯನ್ನು ಕಾಯುವ ಹಾಗೆ ನಾನು ಅವುಗಳಿಗೆ ಕಲಿಸಲಿಲ್ಲ. ನನ್ನನ್ನು ಕಾಯುವ ಹಾಗೆ ಕಲಿಸಿದೆ. ಇಂದು ಸತ್ತವು ಪುಡಿಯಿಂದ ಸಾಯಲಿಲ್ಲ.

ಮಾರ್ಚ್ 18, ಮಂಗಳವಾರ

ಎಣಿಕೆ ಆಯಿತು. ಆ ದಿನ ಅಷ್ಟು ಸತ್ತರೂ ಎರಡನೇ ತೊಟ್ಟಿಯಲ್ಲಿ ಉಳಿದವು ಮೂರನೆಯದಕ್ಕಿಂತ ಸ್ವಲ್ಪ ಹೆಚ್ಚೇ. ಹೆಚ್ಚಿರದೆ ಏನು? ದಿನಕ್ಕೆರಡು ಸಲ ತಳ ತೊಳೆದೆ. ನನ್ನ ಹನ್ನೊಂದು ವರ್ಷದಲ್ಲಿ ಯಾವ ತೊಟ್ಟಿಯನ್ನೂ ಅಷ್ಟು ನೋಡಿಕೊಂಡಿಲ್ಲ. ಈಗ ಮರಿಗಳು ಬೆಳೆದು ಬಾಯಿ ಅಗಲವಾಗಿದೆ. ನೀರಿನ ಮೇಲೆ ತೇಲುವ, ಅಂಗಡಿಯಿಂದ ತಂದ ದಪ್ಪ ಕಾಳನ್ನು ನುಂಗುತ್ತಿವೆ. ಇನ್ನು ಅವು ಬದುಕುತ್ತವೆ. ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮೇಡಂ ಎಲ್ಲರನ್ನೂ ಅಂಗಳಕ್ಕೆ ಕರೆದರು.

"ಬರೋ ಸೋಮವಾರದಿಂದ ಹೊಸ ಮರಿಗಳ ನಾಲ್ಕೂ ತೊಟ್ಟಿ ಇವರ ಪುಡಿಗೆ. ಹೊರಗಿನಿಂದ ಮರಿಸಿಗಡಿ ಡಬ್ಬಿ ತರಿಸೋದು ನಿಲ್ಲಿಸ್ತಾ ಇದೀನಿ. ಇವರೇನು ಸಾಮಾನ್ಯದ ಕೆಲಸ ಮಾಡಿಲ್ಲ."

ಪಂಪಣ್ಣ ಚಪ್ಪಾಳೆ ಶುರುಮಾಡಿದ. ಭಾವ ಕೈ ಮುಗಿಯಲು ಹೋಗಿ, ಕೈಯಲ್ಲಿದ್ದ ಬಲೆಟೋಪಿ ಅಡ್ಡ ಬಂದು, ಅದನ್ನು ಬಾಯಲ್ಲಿ ಕಚ್ಚಿ ಹಿಡಿದು ಮುಗಿದರು. ಎಲ್ಲರೂ ನಕ್ಕರು. ಆಮೇಲೆ ಅವರು, "ಪುಡಿ ನಾನು ಮಾಡಿದ್ದು ನಿಜ ಮೇಡಂ. ತಿನ್ನಿಸಿದ್ದು ಇವಳು," ಎಂದರು.

ಮಾರ್ಚ್ 19, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 21, ಶುಕ್ರವಾರ

ಕಪಾಟಿನಲ್ಲಿ ಇನ್ನು ಎರಡೇ ಡಬ್ಬಿ. ನಾಲ್ಕು ತೊಟ್ಟಿಗೆ ಕದ್ದು ಉಣಿಸಬೇಕಾದರೆ ಮಗ್ ಸಾಲದು, ಬಕೆಟ್ಟುಗಳೇ ಬೇಕು. ಬೇರೆ ದಾರಿಗಳನ್ನೂ ಯೋಚಿಸಿದೆ. ಹೊಸ ಮರಿಗಳು ಎಳೆಯವು, ಒಂದು ವಾರ ತಡೆಯೋಣ ಎಂದು ಮೇಡಂಗೆ ಹೇಳಬಹುದು. ಒಂದು ವಾರದ ಮೇಲೂ ಪುಡಿ ಮುಳುಗುತ್ತದೆ. ನೀರು ಕೆಟ್ಟಿತ್ತು ಎನ್ನಬಹುದು. ಆಗ ಪಂಪಣ್ಣನ ತಲೆಗೆ ಬರುತ್ತದೆ. ಸುಮ್ಮನಿದ್ದರೆ ನಾಲ್ಕು ತೊಟ್ಟಿ ಮರಿಗಳು ಮೂರು ದಿನದಲ್ಲಿ ಸಾಯುತ್ತವೆ, ಅದು ಭಾವನ ತಲೆಗೆ ಬರುತ್ತದೆ. ಚಪ್ಪಾಳೆ ತಟ್ಟಿದವರ ಎದುರಿಗೇ.

ಸಂಜೆ ಇಬ್ಬರೂ ಒಟ್ಟಿಗೆ ನಡೆದು ಬಂದೆವು. ದಾರಿಯಲ್ಲಿ ಅವರು ತಾವಾಗಿಯೇ ಕಾರ್ಖಾನೆಯ ಮಾತು ತೆಗೆದರು. ಇಷ್ಟು ದಿನ ನಮ್ಮೊಡನೆ ಅದರ ಹೆಸರೂ ಎತ್ತಿರಲಿಲ್ಲ.

"ಕೊನೇ ವರ್ಷ ನನ್ನ ನಾಲಿಗೆ ಕೆಟ್ಟಿತ್ತಂತೆ ಕಣೆ. ಹಿಟ್ಟಿಗೆ ಉಪ್ಪು ಜಾಸ್ತಿ ಹಾಕ್ತಿದ್ದೆನಂತೆ. ಯಾರೂ ಹೇಳಲಿಲ್ಲ. ಹಳಬರು, ಪಾಪ, ಬೇಜಾರು ಮಾಡ್ಕೋತಾರೆ ಅಂತ. ನನ್ನ ಪಾಳಿ ಮುಗಿದ ಮೇಲೆ ಹುಡುಗರು ಬೇರೆ ಹಿಟ್ಟು ಬೆರೆಸಿ ಸರಿಮಾಡ್ತಿದ್ರಂತೆ."

"ನಿಮಗೆ ಹೇಗೆ ಗೊತ್ತಾಯ್ತು?"

"ಬೀಗ ಹಾಕೋ ದಿನ. ಬೀಳ್ಕೊಡುಗೆಯಲ್ಲಿ ಒಬ್ಬ ತಮಾಷೆಗೆ ಅಂದುಬಿಟ್ಟ. ಎಲ್ಲರೂ ನಕ್ಕರು, ನಾನೂ ನಕ್ಕೆ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಕೆಲಸ ಹೋಗಿದ್ದಕ್ಕಲ್ಲ ಕಣೆ ನಾನು ಆ ಕುರ್ಚೀಲಿ ಕೂತಿದ್ದು. ಆ ವರ್ಷವೆಲ್ಲ ಹೊಗಳಿದ್ದರಲ್ಲ, ಅದರಲ್ಲಿ ಯಾವುದು ನಿಜ ಯಾವುದು ಸುಳ್ಳು ಅಂತ ಕೂತು ಆರಿಸ್ತಾ ಇದ್ದೆ. ಇಲ್ಲಿ ಆ ತಾಪತ್ರಯ ಇಲ್ಲ. ನೀನಿದೀಯ. ತಪ್ಪಿದ್ರೆ ಮುಖದ ಮೇಲೆ ಹೇಳೋಳು."

ನನ್ನ ಚಪ್ಪಲಿಗೆ ಕಲ್ಲು ಸಿಕ್ಕಿತೆಂದು ನಿಂತು ಬಗ್ಗಿದೆ. ಕಲ್ಲು ಇರಲಿಲ್ಲ.

ಮಾರ್ಚ್ 22, ಶನಿವಾರ

ಮೂಕಪ್ರಾಣಿಗಳ ಮೇಲಿನ ಕನಿಕರ ಎಂದು ಈ ಪುಟಗಳಲ್ಲಿ ಮೊದಲು ಬರೆದುಕೊಂಡೆ. ಪ್ರತಿ ಸಲ ಮೇವು ಬದಲಿಸುವಾಗಲೂ ಮೂಕಪ್ರಾಣಿಗಳೇ ಸತ್ತಿವೆ. ಯಾವತ್ತೂ ಮಗ್ ಹಿಡಿದು ಓಡಿಲ್ಲ. ಅಕ್ಕನಿಗಾಗಿ ಎಂದುಕೊಳ್ಳಬಹುದು, ಅದು ಅರ್ಧ ನಿಜ. ಉಳಿದರ್ಧ ಇದು: ಅವರು ಸೋತು ಮತ್ತೆ ನನ್ನ ಹಜಾರಕ್ಕೆ ಬಂದು ಕೂರುವುದು ನನಗೆ ಬೇಡವಾಗಿತ್ತು. ಆ ದಿನ ಹೊಸ್ತಿಲಲ್ಲಿ ಟೋಪಿ ಹಿಡಿದು ನಿಂತವರನ್ನು ಕಂಡಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕುರ್ಚಿ. ಅವರ ಮುಖವನ್ನು ನಾನು ನೋಡಲೇ ಇಲ್ಲ.

ಮಧ್ಯಾಹ್ನ ಭಾವ ಶೆಡ್ಡಿನಿಂದ ಮೂಟೆಗಳನ್ನು ತಂದು ಮರಿಕೋಣೆಯ ಗೋಡೆಗೆ ಒರಗಿಸಿದರು. ಸೋಮವಾರಕ್ಕೆ. ಒಂದೊಂದರ ಮೇಲೂ ತೊಟ್ಟಿಯ ಸಂಖ್ಯೆ ಬರೆದಿದ್ದಾರೆ. ಪುಡಿಗೆ ಕೆಂಪು ಚೆನ್ನಾಗಿ ಏರಿದೆ, ಮೂಟೆಯ ಹೊರಗಿನಿಂದಲೇ ಕಾಣುತ್ತದೆ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಭಾವ ಸ್ನಾನದ ಮನೆಯಲ್ಲಿ ಹಾಡುತ್ತಿದ್ದರು. ಅಕ್ಕ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ನಾನು ತರಕಾರಿ ಹೆಚ್ಚುತ್ತ ಕುಳಿತಿದ್ದೆ. ಆಗಲೇ ಕರೆದು ಹೇಳಿಬಿಡಬೇಕೆಂದು ಎದ್ದೆ. ಅಕ್ಕನ ಎದುರು ಬೇಡವೆನಿಸಿತು. ಇದು ನನ್ನ ಹೊಸ ನೆಪವೋ ಎಂದು ಇಡೀ ದಿನ ನನ್ನನ್ನೇ ಅನುಮಾನಿಸಿದೆ. ಅಲ್ಲ. ಹೆಂಡತಿಗೆ ಹೇಳುವುದು ಬಿಡುವುದು ಅವರಿಗೆ ಸೇರಿದ್ದು. ಅದನ್ನೂ ಅವರ ಕೈಯಿಂದ ಕಿತ್ತುಕೊಳ್ಳಬಾರದು.

ಮೇಡಂಗೆ ಮೊದಲು ಹೇಳುವುದು ಸುಲಭ. ಅವರು ಬೈದು ಮುಗಿಸುತ್ತಾರೆ, ನನ್ನನ್ನು ಕೆಲಸದಿಂದ ತೆಗೆದರೂ ತೆಗೆದರು. ಆದರೆ ಭಾವನಿಗೆ ಅದು ಮತ್ತೆ ಬೇರೆಯವರ ಬಾಯಿಂದ ತಿಳಿಯುತ್ತದೆ. ಹಾಗಾಗಕೂಡದು.

ನಾಳೆ ಇಬ್ಬರೂ ಬೇಗ ಹೋಗುತ್ತೇವೆ, ಮೂಟೆ ಬಿಚ್ಚಬೇಕೆಂದು ಅವರೇ ಹೇಳಿದ್ದಾರೆ. ಮೇಡಂ ಬರುವುದಕ್ಕೆ ಮುಂಚೆ, ಮರಿಕೋಣೆಯಲ್ಲಿ, ಅವರು ಹೊಲಿಗೆ ಕತ್ತರಿಸುವ ಮೊದಲು ಹೇಳುತ್ತೇನೆ. ಮಾತುಗಳನ್ನು ಜೋಡಿಸಿಕೊಂಡಿದ್ದೇನೆ. ಎರಡನೇ ತೊಟ್ಟಿಯ ಮರಿಗಳು ನಿಮ್ಮ ಪುಡಿಯನ್ನು ಮೊದಲ ದಿನದಿಂದ ತಿನ್ನಲಿಲ್ಲ. ನಾನು ಊಟದ ಹೊತ್ತಿನಲ್ಲಿ ಮರಿಸಿಗಡಿ ಹಾಕಿದೆ. ಹೊಟ್ಟೆಯ ಬಣ್ಣ ಅದರದ್ದು, ಸಿಪ್ಪೆಯದಲ್ಲ. ಪುಡಿ ಬೇಗ ಮುಳುಗುತ್ತದೆ, ಅದೊಂದೇ ನಿಮ್ಮ ದೋಷ; ಸಿಪ್ಪೆ ಹೆಚ್ಚಾದದ್ದು ನನ್ನ ಸುಳ್ಳಿನಿಂದ. ಇಷ್ಟೇ. ಕನಿಕರದ ಮಾತು ಬೇಡ, ಅಕ್ಕನ ಹೆಸರು ಬೇಡ. ಯಾಕೆ ಮಾಡಿದೆ ಎಂದು ಕೇಳಿದರೆ ಮಾತ್ರ ಕುರ್ಚಿಯ ವಿಷಯ. ಕೇಳಿದರೆ ಅದನ್ನೂ ಮುಚ್ಚಿಡುವುದಿಲ್ಲ.

ಆಮೇಲೆ ಮೇಡಂ ಹತ್ತಿರ ಹೋಗುತ್ತೇನೆ. ಅವರು ಬರುತ್ತೇನೆಂದರೆ ಇಬ್ಬರೂ.

ನನಗೆ ನನ್ನ ಮೇಲೆ ನಂಬಿಕೆಯಿಲ್ಲದ್ದು ಒಂದೇ ಕಡೆ. ಹೇಳಿದ ಮರುಕ್ಷಣ ಅವರ ಮುಖ ನೋಡಿ, "ಅಂಥದ್ದೇನಿಲ್ಲ ಭಾವ, ಇನ್ನೊಂದು ಸಲ ಮಾಡಿದ್ರೆ ಸರಿಹೋಗುತ್ತೆ," ಎಂದು ಶುರುಮಾಡಿಬಿಡುತ್ತೇನೆ. ಅದನ್ನು ಮಾಡಬಾರದು. ಹೇಳಿ, ಬಾಯಿ ಮುಚ್ಚಿಕೊಂಡು, ಅವರು ಏನಾದರೂ ಕೇಳುವವರೆಗೆ ನಿಂತಿರಬೇಕು. ಎಷ್ಟು ಹೊತ್ತಾದರೂ.